ಬೇರೆಯವರ ಹಾಡಿನಲ್ಲಿ ಕಿಂಗ್ ಕರ್ಟಿಸ್

ಸಂಗೀತ ಕೇಳುಗರ ಬಳಗವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ ಇದು. ಮಾತಿನ ನಡುವೆ ಧ್ವನಿಮುದ್ರಣಗಳನ್ನು ಕೇಳಿಸಿದ್ದೆ. ಬರಹದಲ್ಲಿ ಅದು ಸಾಧ್ಯವಿಲ್ಲವಾದ್ದರಿಂದ ಆ ಜಾಗಗಳಲ್ಲಿ ಒಂದೆರಡು ಸಾಲಿನ ವಿವರಣೆ ಸೇರಿಸಿದ್ದೇನೆ.

ನ್ಯೂಯಾರ್ಕಿನಲ್ಲಿ 1950ರ ದಶಕದಲ್ಲಿ ಧ್ವನಿಮುದ್ರಣಕ್ಕೆಂದು ವಾದ್ಯಗಾರನೊಬ್ಬನನ್ನು ಕರೆದರೆ ಅವನಿಗೆ ಸಿಗುತ್ತಿದ್ದುದು ಮೂರು ಗಂಟೆಯ ಕೂಲಿ. ದರವನ್ನು ವಾದ್ಯಗಾರರ ಸಂಘ ಗೊತ್ತುಮಾಡಿತ್ತು. ಆ ಮೂರು ಗಂಟೆಯೊಳಗೆ ಮೂರೋ ನಾಲ್ಕೋ ಹಾಡು ಮುಗಿಯಬೇಕು. ಆಮೇಲೆ ಹಾಡು ಹತ್ತು ಲಕ್ಷ ಪ್ರತಿ ಮಾರಾಟವಾದರೂ ಕೂಲಿ ಅಷ್ಟೇ, ಯಾರೂ ಕೊಳ್ಳದೆ ಗೋದಾಮಿನಲ್ಲಿ ಧೂಳು ತಿಂದರೂ ಅಷ್ಟೇ. ಧ್ವನಿಮುದ್ರಿಕೆಯ ತಟ್ಟೆಯ ಲೇಬಲ್ಲಿನಲ್ಲಿ ಗಾಯಕರ ಹೆಸರಿರುತ್ತಿತ್ತು, ಹಾಡು ಕಟ್ಟಿದವರ ಹೆಸರಿರುತ್ತಿತ್ತು, ಕಂಪನಿಯ ಹೆಸರಂತೂ ಎಲ್ಲಕ್ಕಿಂತ ದಪ್ಪಕ್ಷರದಲ್ಲಿರುತ್ತಿತ್ತು. ಹಾಡಿನ ನಡುವೆ ಸ್ಯಾಕ್ಸೊಫೋನ್ ನುಡಿಸಿದವರು ಯಾರೆಂದು ಬರೆಯುವ ರೂಢಿ ಇರಲಿಲ್ಲ.

ಈ ವ್ಯವಸ್ಥೆಯಲ್ಲೇ ಬೆಳೆದು, ಅದರ ಒಳಹೊರಗನ್ನೆಲ್ಲ ಅರಿತು, ಕೊನೆಗೆ ಅದರ ಯಜಮಾನರ ಸಾಲಿಗೆ ಬಂದು ನಿಂತ ಟೆನರ್ ಸ್ಯಾಕ್ಸೊಫೋನ್ ವಾದಕರೊಬ್ಬರ ಬಗ್ಗೆ ಇಂದು ಮಾತನಾಡುತ್ತೇನೆ. ಹುಟ್ಟೂರಿನಲ್ಲಿ ಅವರ ಹೆಸರು ಕರ್ಟಿಸ್ ಔಸ್ಲಿ. ಸಂಗೀತಲೋಕಕ್ಕೆ ಅವರು ಕಿಂಗ್ ಕರ್ಟಿಸ್. 1934ರ ಫೆಬ್ರವರಿ 7ರಂದು ಹುಟ್ಟಿ 1971ರ ಆಗಸ್ಟ್‌ನಲ್ಲಿ, 37ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲೇ ಹೊರಬಂದ ಆಲ್ಬಮ್‌ಗಳು ಸಾಕಷ್ಟಿವೆ. ಆದರೂ ಅವರ ಪ್ರತಿಭೆ ಪೂರ್ತಿಯಾಗಿ ಕಾಣುವುದು ಬೇರೆಯವರ ಹಾಡಿನಲ್ಲಿ ಸಿಕ್ಕ ಹದಿನೈದು ಇಪ್ಪತ್ತು ಸೆಕೆಂಡುಗಳಲ್ಲಿ ಎಂಬುದು ನನ್ನ ವಾದ. ಇದನ್ನು ಕಡಿಮೆ ಅಂಕ ಕೊಡುವ ಧಾಟಿಯಲ್ಲಿ ಹೇಳುತ್ತಿಲ್ಲ. ಕಛೇರಿಯಲ್ಲಿ ಒಳ್ಳೆಯ ಪಿಟೀಲು ವಾದಕರೊಬ್ಬರು ಗಾಯಕರ ಒಂದು ಸಂಗತಿಗೆ ಕೊಡುವ ಮರುಮಾತು ಎಷ್ಟು ದೊಡ್ಡದಾಗಿರಬಲ್ಲದು ಎಂಬುದನ್ನು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ.

ಕರ್ಟಿಸ್ ಹುಟ್ಟಿದ್ದು ಟೆಕ್ಸಸ್‌ನ ಫೋರ್ಟ್ ವರ್ತ್ ನಗರದಲ್ಲಿ. ದನದ ವ್ಯಾಪಾರ, ರೈಲ್ವೆ, ಮಾಂಸದ ಕಾರ್ಖಾನೆಗಳ ಊರು. ಕರಿಯರಿಗೂ ಬಿಳಿಯರಿಗೂ ಶಾಲೆಗಳು ಬೇರೆ ಬೇರೆಯಾಗಿದ್ದ ಕಾಲ. ಕರಿಯ ಮಕ್ಕಳಿಗಿದ್ದ ಐ.ಎಂ. ಟೆರೆಲ್ ಪ್ರೌಢಶಾಲೆಯಲ್ಲಿ ಅವರು ಓದಿದರು. ಈ ಒಂದು ಶಾಲೆಯಿಂದ ಬಂದವರನ್ನು ನೋಡಿ: ಆರ್ನೆಟ್ ಕೋಲ್ಮನ್, ಡ್ಯೂಯಿ ರೆಡ್‌ಮನ್, ಜೂಲಿಯಸ್ ಹೆಂಪ್‌ಹಿಲ್, ಜಾನ್ ಕಾರ್ಟರ್. ಜಾಝ್ ಇತಿಹಾಸ ಓದಿದವರಿಗೆ ಗೊತ್ತಿರುವಂತೆ ಇವರೆಲ್ಲ ಮುಂದೆ ಆ ಸಂಗೀತದ ಕಟ್ಟುಪಾಡುಗಳನ್ನೇ ಮುರಿಯಲು ಹೊರಟವರು. ಕೋಲ್ಮನ್ ಅವರಂತೂ ಕರ್ಟಿಸ್‌ಗಿಂತ ನಾಲ್ಕು ವರ್ಷ ದೊಡ್ಡವರು, ಊರಿನಲ್ಲಿ ಇಬ್ಬರೂ ಒಟ್ಟಿಗೆ ನುಡಿಸಿದ್ದರು. ಒಂದೇ ಊರು, ಒಂದೇ ಶಾಲೆ. ಒಬ್ಬರು ಕೇಳುಗರನ್ನು ಬೆಚ್ಚಿಬೀಳಿಸುವ ಹಾದಿ ಹಿಡಿದರು, ಇನ್ನೊಬ್ಬರು ಕುಣಿಸುವ ಹಾದಿ ಹಿಡಿದರು. ಇವೆರಡೂ ಬೇರೆಯೇ ಕುಲ ಎಂದು ಬರೆಯುವ ವಿಮರ್ಶಕರು ಫೋರ್ಟ್ ವರ್ತ್‌ನ ನೆಲದ ಗುಣವನ್ನು ಗಮನಿಸಿಲ್ಲ ಎಂದೇ ನನಗೆ ಅನಿಸುತ್ತದೆ.

ಆ ನೆಲದ ಗುಣಕ್ಕೆ ‘ಟೆಕ್ಸಸ್ ಟೆನರ್’ ಎಂಬ ಹೆಸರೇ ಇದೆ. ಇಲಿನಾಯ್ ಜಾಕೆ, ಆರ್ನೆಟ್ ಕಾಬ್, ಬಡ್ಡಿ ಟೇಟ್ ಆ ಪರಂಪರೆಯವರು. ಅಗಲವಾದ, ದಪ್ಪನೆಯ ನಾದ, ಬ್ಲೂಸ್‌ನ ಅಳಲು, ಸಭೆಯ ಕೊನೆಯ ಸಾಲಿಗೂ ತಲುಪುವ ಕೂಗು. 1942ರಲ್ಲಿ ಲಯನಲ್ ಹ್ಯಾಂಪ್ಟನ್ ತಂಡದ ‘ಫ್ಲೈಯಿಂಗ್ ಹೋಮ್’ ತಟ್ಟೆಯಲ್ಲಿ ಜಾಕೆ ನುಡಿಸಿದ ಭಾಗವನ್ನು ಆ ಕಾಲದ ಸ್ಯಾಕ್ಸೊಫೋನ್ ಹುಡುಗರೆಲ್ಲ ಬಾಯಿಪಾಠ ಮಾಡಿಕೊಂಡಿದ್ದರು. ಜಾಝ್ ಮತ್ತು ರಿದಮ್ ಅಂಡ್ ಬ್ಲೂಸ್ (ಕರಿಯರ ಕುಣಿತದ ಜನಪ್ರಿಯ ಸಂಗೀತ) ಬೇರೆಬೇರೆ ದಾರಿ ಹಿಡಿಯುವ ಕವಲು ಅದೇ ತಟ್ಟೆ ಎನ್ನುವವರೂ ಇದ್ದಾರೆ. ಕಾಲೇಜಿನ ವಿದ್ಯಾರ್ಥಿವೇತನವನ್ನು ಬಿಟ್ಟು ಕರ್ಟಿಸ್ ಸೇರಿದ್ದು ಇದೇ ಹ್ಯಾಂಪ್ಟನ್ ಅವರ ತಂಡವನ್ನು. 1950ರ ದಶಕದ ಆರಂಭದಲ್ಲಿ ನ್ಯೂಯಾರ್ಕ್ ಸೇರಿ ಅಲ್ಲೇ ನೆಲೆಯೂರಿದರು.

ಅವರ ವಾದನದ ಗುಟ್ಟು ಏನು? ಸ್ಯಾಕ್ಸೊಫೋನ್ ಎಂದರೆ ನಮಗೆ ಮೊದಲು ನೆನಪಾಗುವವರು ಕದ್ರಿ ಗೋಪಾಲನಾಥ್. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು ಕಷ್ಟವಾದ ಈ ವಾದ್ಯವನ್ನು ಗಮಕಕ್ಕೆ ಒಗ್ಗಿಸಲು ಅವರು ವರ್ಷಗಟ್ಟಲೆ ಹೆಣಗಿದರು, ವಾದ್ಯವನ್ನೇ ಮಾರ್ಪಡಿಸಿಕೊಂಡರು. ಕರ್ಟಿಸ್ ಪ್ರಸಿದ್ಧರಾದದ್ದು ಇದಕ್ಕೆ ತೀರ ವಿರುದ್ಧವಾದ ಕೆಲಸಕ್ಕೆ. ಸ್ವರಗಳನ್ನು ಬೆಸೆಯುವ ಬದಲು ಅವರು ಕತ್ತರಿಸಿದರು. ಊದುವ ಬಾಯಿಯಲ್ಲಿ ಕಂಪಿಸುವ ತೆಳು ಪಟ್ಟಿಯಾದ ರೀಡನ್ನು ನಾಲಿಗೆಯಿಂದ ತಟಕ್ಕನೆ ತಡೆದು ಪ್ರತಿ ಸ್ವರವನ್ನೂ ತುಂಡು ಮಾಡಿ, ಅದೇ ಸ್ವರವನ್ನು ತೊದಲಿಸಿ, ಲಯದ ಸಂದುಗಳಲ್ಲಿ ಎಸೆಯುತ್ತಿದ್ದರು. ಕೋಳಿ ಕೊಕ್ಕರಿಸಿದ ಹಾಗೆ ಎಂದು ಅಮೆರಿಕದ ಕೇಳುಗರು ಅದನ್ನು ಬಣ್ಣಿಸಿದ್ದುಂಟು. ಬೇಕೆನಿಸಿದಾಗ ಊದುತ್ತಲೇ ಗಂಟಲಿನಲ್ಲಿ ಗುನುಗಿ ನಾದಕ್ಕೆ ಒರಟುತನ ತರುತ್ತಿದ್ದರು. ಟೆಕ್ಸಸ್‌ನ ದಪ್ಪ ನಾದ ಮಾತ್ರ ಎಲ್ಲೂ ಬಿಟ್ಟುಹೋಗುತ್ತಿರಲಿಲ್ಲ. ತುಂಡು ತುಂಡಾದರೂ ಪ್ರತಿ ತುಂಡೂ ತೂಕದ್ದು.

ಈ ಶೈಲಿ ಜಗತ್ತಿನ ಕಿವಿಗೆ ಬಿದ್ದದ್ದು 1958ರಲ್ಲಿ, ‘ಯಾಕೆಟಿ ಯಾಕ್’ ಹಾಡಿನಿಂದ. ಹಾಡಿದವರು ಕೋಸ್ಟರ್ಸ್ ಎಂಬ ಗಾಯಕರ ತಂಡ. ಬರೆದು, ರಾಗ ಹಾಕಿ, ಸ್ಟುಡಿಯೊದಲ್ಲಿ ನಿಂತು ಮಾಡಿಸಿದವರು ಜೆರ್ರಿ ಲೈಬರ್ ಮತ್ತು ಮೈಕ್ ಸ್ಟೋಲರ್. ಕಸ ಹೊರಗೆ ಹಾಕು, ನೆಲ ಉಜ್ಜು, ಎದುರು ಮಾತಾಡಬೇಡ ಎಂದು ಹದಿಹರೆಯದ ಮಗನನ್ನು ಗದರಿಸುವ ಹಾಡು ಅದು. ಎರಡು ನಿಮಿಷವೂ ಇಲ್ಲ. ಅಮೆರಿಕದ ಜನಪ್ರಿಯ ಪಟ್ಟಿಯಲ್ಲೂ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲೂ ಮೊದಲ ಸ್ಥಾನಕ್ಕೇರಿತು.

ಸಭೆಯಲ್ಲಿ ಈ ಹಾಡನ್ನು ಎರಡು ಸಲ ಕೇಳಿಸಿದೆ. ಮೊದಲ ಸಲ ಎಲ್ಲರೂ ನಕ್ಕರು. ಎರಡನೆಯ ಸಲ ಸ್ಯಾಕ್ಸೊಫೋನ್ ಎಲ್ಲೆಲ್ಲಿ ಬರುತ್ತದೆ ಎಂದಷ್ಟೇ ಗಮನಿಸಲು ಹೇಳಿದೆ. ಹಾಡಿನಲ್ಲಿ ಪದಗಳಿರುವುದು ಅಪ್ಪ ಅಮ್ಮನ ಬಾಯಿಗೆ. ಮಗನ ಪಾಲಿಗೆ ‘ಯಾಕೆಟಿ ಯಾಕ್’ ಎಂಬ ಗೊಣಗು ಬಿಟ್ಟರೆ ಒಂದು ಸಾಲೂ ಇಲ್ಲ, ಎದುರು ಮಾತಾಡಬಾರದಲ್ಲ! ನಡುವೆ ಆ ಗೊಣಗಾಟವನ್ನೆಲ್ಲ ಆಡುವುದು ಕರ್ಟಿಸ್ ಅವರ ಸ್ಯಾಕ್ಸೊಫೋನ್. ಅಲ್ಲಿ ಅದೇ ಹಾಡಿನ ಮುಖ್ಯ ಪಾತ್ರ. ಮರುವರ್ಷದ ‘ಚಾರ್ಲಿ ಬ್ರೌನ್’ ಹಾಡಿನಲ್ಲೂ ಇದೇ ಆಟ ಮುಂದುವರಿಯಿತು. ಕೋಸ್ಟರ್ಸ್‌ಗೆ ನಾಲ್ವರಲ್ಲ, ಐವರು ಗಾಯಕರು ಎನ್ನುವ ಹಾಗಾಯಿತು. ಇದೇ ಶೈಲಿಯಿಂದ ಪ್ರೇರಿತರಾಗಿ ಬೂಟ್ಸ್ ರ‍್ಯಾಂಡಾಲ್ಫ್ ಎಂಬ ನ್ಯಾಶ್‌ವಿಲ್ ವಾದಕರು ‘ಯಾಕೆಟಿ ಸ್ಯಾಕ್ಸ್’ ಕಟ್ಟಿದರು. ಬ್ರಿಟಿಷ್ ಟಿವಿಯ ಬೆನ್ನಿ ಹಿಲ್ ಹಾಸ್ಯ ಕಾರ್ಯಕ್ರಮದ ಮೂಲಕ ಅದು ಎಲ್ಲೆಡೆ ಹರಡಿತು. ಇವತ್ತಿಗೂ ಮೊಬೈಲಿನಲ್ಲಿ ಯಾರಾದರೂ ಯಾರನ್ನಾದರೂ ಅಟ್ಟಿಸಿಕೊಂಡು ಓಡುವ ತಮಾಷೆಯ ವಿಡಿಯೊ ಬಂದರೆ ಹಿಂದೆ ಕೇಳುವುದು ಬಹುಮಟ್ಟಿಗೆ ಅದೇ. ಆ ಸದ್ದಿನ ಮೂಲ ಯಾವುದೆಂದು ನೋಡುವವರಿಗೆ ಗೊತ್ತಿರುವುದಿಲ್ಲ.

ಅದೇ 1958ರ ಸೆಪ್ಟೆಂಬರಿನಲ್ಲಿ ಬಡ್ಡಿ ಹಾಲಿ ಅವರು ಕರ್ಟಿಸ್‌ರನ್ನು ನ್ಯೂ ಮೆಕ್ಸಿಕೊದ ಕ್ಲೋವಿಸ್ ಎಂಬ ಸಣ್ಣ ಊರಿನ ಸ್ಟುಡಿಯೊಗೆ ಕರೆಸಿಕೊಂಡರು. ರಾಕ್ ಅಂಡ್ ರೋಲ್‌ನ ಬಿಳಿಯ ತಾರೆಯೊಬ್ಬ ನ್ಯೂಯಾರ್ಕಿನ ಕರಿಯ ವಾದಕನನ್ನು ಇಷ್ಟು ದೂರ ಕರೆಸಿಕೊಂಡದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಅಲ್ಲಿ ಮುದ್ರಣವಾದ ‘ರೆಮಿನಿಸಿಂಗ್’ ಹಾಡಿನ ಕರ್ತೃ ಎಂದು ಕರ್ಟಿಸ್ ಅವರ ಹೆಸರೇ ಇದೆ. ಕೂಲಿಗೆ ಬಂದವನಿಗೆ ಕರ್ತೃವಿನ ಪಾಲೂ ಸಿಕ್ಕಿತು. ಮುಂದೆ ಕಂಟ್ರಿ ಸಂಗೀತದ ತಾರೆಯಾದ, ಆಗಿನ್ನೂ ಯಾರೂ ಅರಿಯದ ವೇಲನ್ ಜೆನಿಂಗ್ಸ್ ಅವರ ಮೊದಲ ಹಾಡೂ ಅದೇ ಭೇಟಿಯಲ್ಲಿ ಮುದ್ರಣವಾಯಿತು, ಅದರಲ್ಲೂ ಸ್ಯಾಕ್ಸೊಫೋನ್ ಇವರದೇ. ಐದು ತಿಂಗಳೊಳಗೆ ಹಾಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ‘ರೆಮಿನಿಸಿಂಗ್’ ಹೊರಬಂದದ್ದು 1962ರಲ್ಲಿ.

ಇನ್ನು ಜಾಝ್ ವಿಚಾರ. ಹಣಕ್ಕಾಗಿ ಜಾಝ್ ಬಿಟ್ಟುಕೊಟ್ಟ ವಾದಕ ಎಂಬ ಮಾತು ಕರ್ಟಿಸ್ ಬಗ್ಗೆ ಆಗಾಗ ಕೇಳಿಬರುತ್ತದೆ. ನಾನು ಒಪ್ಪುವುದಿಲ್ಲ. 1960ರಲ್ಲಿ ಪ್ರೆಸ್ಟೀಜ್ ಸಂಸ್ಥೆಗೆ ಅವರು ‘ದ ನ್ಯೂ ಸೀನ್ ಆಫ್ ಕಿಂಗ್ ಕರ್ಟಿಸ್’ ಮತ್ತು ‘ಸೋಲ್ ಮೀಟಿಂಗ್’ ಎಂಬ ಎರಡು ಜಾಝ್ ತಟ್ಟೆಗಳನ್ನು ಮಾಡಿದರು. ಜೊತೆಗಿದ್ದವರು ಕಾರ್ನೆಟ್‌ನಲ್ಲಿ ನ್ಯಾಟ್ ಆಡರ್ಲಿ, ಪಿಯಾನೊದಲ್ಲಿ ವಿಂಟನ್ ಕೆಲಿ. ಮೊದಲನೆಯದರಲ್ಲಿ ಬಾಸ್ ನುಡಿಸಿದವರು ಪಾಲ್ ಚೇಂಬರ್ಸ್. ಕೆಲಿ ಮತ್ತು ಚೇಂಬರ್ಸ್ ಆಗ ಜಾಝ್‌ನ ಹೆಸರಾಂತ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡದ ಬೆನ್ನೆಲುಬು. ಅಂಥವರ ನಡುವೆ ಕೂತು ಕರ್ಟಿಸ್ ಎಲ್ಲೂ ಎಡವುವುದಿಲ್ಲ, ಅವಸರವನ್ನೂ ಮಾಡುವುದಿಲ್ಲ. ನಿಧಾನದ ಬ್ಲೂಸ್‌ಗಳಲ್ಲಿ ಅವರ ನಾದ ಬಹಳ ಸುಖ ಕೊಡುತ್ತದೆ. ಹಾಗಿದ್ದೂ ಆ ತಟ್ಟೆಗಳನ್ನು ನಾನು ಬೇರೆ ನೂರಾರು ಒಳ್ಳೆಯ ಜಾಝ್ ತಟ್ಟೆಗಳ ಜೊತೆಯಲ್ಲಿ ಇಡುತ್ತೇನೆಯೇ ಹೊರತು ಅವುಗಳ ಮೇಲೆ ಇಡುವುದಿಲ್ಲ. ಏಳು ನಿಮಿಷ ಸಿಕ್ಕಾಗ ಅವರು ಚೆನ್ನಾಗಿ ನುಡಿಸುತ್ತಾರೆ. ಇಪ್ಪತ್ತು ಸೆಕೆಂಡು ಸಿಕ್ಕಾಗ ಬೇರೆ ಯಾರೂ ನುಡಿಸಲಾರದ್ದನ್ನು ನುಡಿಸುತ್ತಾರೆ. ಜಾಝ್ ಅವರ ಕೈ ಮೀರಿದ್ದೇನೂ ಆಗಿರಲಿಲ್ಲ. ತನ್ನ ಅಳತೆ ಯಾವುದು ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು ಅಷ್ಟೇ.

1960ರ ದಶಕದ ಮೊದಲ ಭಾಗವನ್ನು ಬೇಗ ದಾಟಿಬಿಡುತ್ತೇನೆ. 1962ರಲ್ಲಿ ಹಾರ್ಲೆಮ್‌ನ ಸಣ್ಣ ಕಂಪನಿಯೊಂದಕ್ಕೆ ಮಾಡಿದ ‘ಸೋಲ್ ಟ್ವಿಸ್ಟ್’ ರಿದಮ್ ಅಂಡ್ ಬ್ಲೂಸ್ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು. ಕ್ಯಾಪಿಟಲ್ ಎಂಬ ದೊಡ್ಡ ಕಂಪನಿ ಕರೆಯಿತು. ಅಲ್ಲಿ 1964ರಲ್ಲಿ ‘ಸೋಲ್ ಸೆರನೇಡ್’ ಬಂತು. ಅವರ ಹೆಸರಿನ ಜೊತೆ ಕೊನೆಯವರೆಗೂ ಅಂಟಿಕೊಂಡ ರಾಗ ಅದೇ. 1965ರಲ್ಲಿ ಬೀಟಲ್ಸ್ ಅಮೆರಿಕ ಪ್ರವಾಸ ಮಾಡಿದಾಗ ಅವರಿಗಿಂತ ಮೊದಲು ವೇದಿಕೆ ಏರಿದ ತಂಡಗಳಲ್ಲಿ ಕರ್ಟಿಸ್ ತಂಡವೂ ಒಂದು. ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಆಗಸ್ಟ್ 15ರಂದು 55 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಆ ಕಿರುಚಾಟದಲ್ಲಿ ಬೀಟಲ್ಸ್‌ಗೆ ತಮ್ಮ ಹಾಡೇ ಕೇಳಿಸಲಿಲ್ಲವಂತೆ, ಇನ್ನು ಮೊದಲು ನುಡಿಸಿದವರ ಪಾಡು ಕೇಳಬೇಕೆ! 1966ರ ಆರಂಭದಲ್ಲಿ ಕೆಲವು ತಿಂಗಳು ಇವರ ತಂಡದಲ್ಲಿ ಗಿಟಾರ್ ನುಡಿಸಿದ ತರುಣನೊಬ್ಬನ ಹೆಸರು ಜಿಮಿ ಹೆಂಡ್ರಿಕ್ಸ್.

ಅದೇ ಅವಧಿಯ ಒಂದು ರಾತ್ರಿಯ ಬಗ್ಗೆ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. 1963ರ ಜನವರಿ 12, ಮಯಾಮಿಯ ಹಾರ್ಲೆಮ್ ಸ್ಕ್ವೇರ್ ಕ್ಲಬ್. ಹಾಡುತ್ತಿದ್ದವರು ಸ್ಯಾಮ್ ಕುಕ್, ಹಿಂದೆ ಕರ್ಟಿಸ್ ಮತ್ತು ಅವರ ಸಂಗಡಿಗರು. ಕುಕ್ ಎಂದರೆ ರೇಡಿಯೊದಲ್ಲಿ ರೇಷ್ಮೆಯಂಥ ದನಿ. ಆ ರಾತ್ರಿ ಕರಿಯ ಕೇಳುಗರೇ ತುಂಬಿದ್ದ ಕ್ಲಬ್ಬಿನಲ್ಲಿ ಅವರು ಗಂಟಲು ಬಿರಿಯುವಂತೆ ಹಾಡಿದರು, ಪ್ರತಿ ಸಾಲಿನ ಅಂಚಿನಲ್ಲಿ ಸ್ಯಾಕ್ಸೊಫೋನ್ ಅವರನ್ನು ಕೆಣಕುತ್ತ, ಸಮಾಧಾನಪಡಿಸುತ್ತ, ಮತ್ತೆ ಕೆಣಕುತ್ತ ಹೋಯಿತು. ಕಂಪನಿ ಅದನ್ನು ಕೇಳಿ ಇದು ತೀರ ಒರಟಾಯಿತು ಎಂದು ಕಪಾಟಿನಲ್ಲಿಟ್ಟಿತು. ಹೊರಬಂದದ್ದು 1985ರಲ್ಲಿ. ಅಷ್ಟರಲ್ಲಿ ಹಾಡಿದವರೂ ನುಡಿಸಿದವರೂ ಇಬ್ಬರೂ ಇರಲಿಲ್ಲ.

ಈಗ ‘ರೆಸ್ಪೆಕ್ಟ್’ಗೆ ಬರೋಣ. ಈ ಹಾಡನ್ನು ಬರೆದು 1965ರಲ್ಲಿ ಮೊದಲು ಹಾಡಿದವರು ಓಟಿಸ್ ರೆಡ್ಡಿಂಗ್. ದುಡಿದು ಮನೆಗೆ ಬರುವ ಗಂಡಸು ಮರ್ಯಾದೆ ಕೇಳುವ ಹಾಡು ಅದಾಗಿತ್ತು. 1967ರ ಫೆಬ್ರವರಿ 14ರಂದು ಅಟ್ಲಾಂಟಿಕ್ ಸಂಸ್ಥೆಯ ನ್ಯೂಯಾರ್ಕ್ ಸ್ಟುಡಿಯೊದಲ್ಲಿ ಅರೀಥಾ ಫ್ರಾಂಕ್ಲಿನ್ ಅದನ್ನು ಹೆಣ್ಣಿನ ಬಾಯಿಂದ ಹಾಡಿ ತಲೆಕೆಳಗು ಮಾಡಿದರು. ಆದರೆ ಮೂಲ ಹಾಡಿಗೆ ಒಂದು ಕೊರತೆಯಿತ್ತು. ಒಂದೇ ತಿರುವಿನಲ್ಲಿ ಸುತ್ತುವ ಹಾಡು, ನಡುವೆ ಬೇರೆ ಕಡೆ ಹೋಗಿ ಬರುವ ಭಾಗವೇ ಇಲ್ಲ. ಆಗ ಸ್ಟುಡಿಯೊದಲ್ಲಿದ್ದವರು ಸ್ಯಾಮ್ ಅಂಡ್ ಡೇವ್ ಎಂಬ ಗಾಯಕ ಜೋಡಿಯ ಇನ್ನೊಂದು ಹಾಡಿನ ಸ್ವರಮೇಳಗಳ ಸರಣಿಯನ್ನು ಎತ್ತಿಕೊಂಡು ಇಲ್ಲಿ ಸೇರಿಸಿದರು, ಅದರ ಮೇಲೆ ಕರ್ಟಿಸ್ ನುಡಿಸಬೇಕೆಂದಾಯಿತು.

ಕೇಳಿಸಿಕೊಂಡರೆ ವಿಚಿತ್ರ ತಿಳಿಯುತ್ತದೆ. ಹಾಡಿನ ನೆಲೆ, ಅಂದರೆ ಆಧಾರ ಸ್ವರ, ಸಿ. ಆ ನಡುಭಾಗ ಥಟ್ಟನೆ ಎಫ್ ಶಾರ್ಪ್ ಮೈನರ್‌ಗೆ ಹಾರುತ್ತದೆ. ಪಾಶ್ಚಾತ್ಯ ಸಂಗೀತದ ಲೆಕ್ಕದಲ್ಲಿ ಸಿ ಇಂದ ಅದು ಬಹಳ ದೂರದ ನೆಲೆ. ಸಿದ್ಧತೆಯಿಲ್ಲ, ಸೂಚನೆಯಿಲ್ಲ. ಸಾಮಾನ್ಯ ವಾದಕನಾಗಿದ್ದರೆ ಕೇಳುಗನಿಗೆ ಮೆಟ್ಟಿಲು ತಪ್ಪಿದ ಅನುಭವವಾಗಬೇಕಿತ್ತು. ಕರ್ಟಿಸ್ ಅಲ್ಲಿ ವೇಗದ ಸ್ವರಗಳನ್ನು ಸುರಿಯಲು ಹೋಗುವುದಿಲ್ಲ. ಹಾಡಿನಷ್ಟೇ ಸರಳವಾದ, ಯಾರಾದರೂ ಒಮ್ಮೆ ಕೇಳಿ ಗುನುಗಬಹುದಾದ ಮಾತನ್ನು ದಪ್ಪ ನಾದದಲ್ಲಿ ಆಡಿ ಮುಗಿಸುತ್ತಾರೆ. ಎಂಟೇ ಬಾರ್, ಅಂದರೆ ನಾಲ್ಕು ಎಣಿಕೆಯ ಎಂಟು ಸುತ್ತು. ಹಾಡು ಮತ್ತೆ ಹಳೆಯ ನೆಲೆಗೆ ಇಳಿದಾಗ ಎಲ್ಲಿಗೋ ಹೋಗಿಬಂದೆವು ಎಂಬುದಷ್ಟೇ ತಿಳಿಯುತ್ತದೆ. ಆ ಬಿಡುವಿನ ನಂತರ ಅರೀಥಾ ‘ರೆಸ್ಪೆಕ್ಟ್’ ಪದದ ಒಂದೊಂದೇ ಅಕ್ಷರವನ್ನು ಬಿಡಿಸಿ ಹೇಳುವ ಭಾಗ ಬಂದಾಗ ಅದು ಬಾಂಬಿನಂತೆ ಸಿಡಿಯುವುದಕ್ಕೆ ಈ ಎಂಟು ಸುತ್ತುಗಳೂ ಕಾರಣ. 1967ರ ಜೂನ್‌ನಲ್ಲಿ ಹಾಡು ಅಮೆರಿಕದ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು.

ಅದೇ ವರ್ಷ ಅವರು ಮೆಂಫಿಸ್‌ಗೆ ಹೋಗಿ ಮಾಡಿದ ‘ಮೆಂಫಿಸ್ ಸೋಲ್ ಸ್ಟ್ಯೂ’ ನನಗೆ ಅತಿ ಪ್ರಿಯವಾದದ್ದು. ಅಡುಗೆ ಕಾರ್ಯಕ್ರಮದ ಹಾಗೆ ಅದು ಆರಂಭವಾಗುತ್ತದೆ. ಕರ್ಟಿಸ್ ಬಾಣಸಿಗನ ಗತ್ತಿನಲ್ಲಿ ಇಂದಿನ ವಿಶೇಷ ಏನೆಂದು ಹೇಳಿ, ಅರ್ಧ ಕಪ್ ಬಾಸ್ ಕೇಳುತ್ತಾರೆ, ಬಾಸ್ ಗಿಟಾರ್ ಶುರುವಾಗುತ್ತದೆ. ಒಂದು ಪೌಂಡ್ ಡ್ರಮ್ಸ್ ಎನ್ನುತ್ತಾರೆ, ಡ್ರಮ್ಸ್ ಸೇರುತ್ತದೆ. ಕುದಿಯುವ ಗಿಟಾರ್ ನಾಲ್ಕು ಚಮಚ, ಆರ್ಗನ್ ಒಂದು ಚಿಟಿಕೆ. ಕೊನೆಗೆ ಅರ್ಧ ಪೈಂಟ್ ಹಾರ್ನ್ (ಊದುವ ವಾದ್ಯ), ಅಂದರೆ ತಾವೇ. ತಮಾಷೆಯ ಕೆಳಗೆ ಇನ್ನೊಂದು ಕೆಲಸ ನಡೆದಿದೆ. ಲೇಬಲ್ಲಿನಲ್ಲಿ ಹೆಸರೇ ಇಲ್ಲದ ಸ್ಟುಡಿಯೊ ವಾದ್ಯಗಾರರನ್ನು ಒಬ್ಬೊಬ್ಬರನ್ನಾಗಿ ಮುಂದೆ ಕರೆದು, ಇವರಿಲ್ಲದೆ ಅಡುಗೆಯಿಲ್ಲ ಎಂದು ತೋರಿಸುವ ಹಾಡು ಇದು. ತಾವೂ ಆ ಪಂಕ್ತಿಯಲ್ಲಿ ಕೂತವರೇ ಆದ್ದರಿಂದ ಕರ್ಟಿಸ್‌ಗೆ ಇದು ಹೊಳೆದಿರಬೇಕು. ದೊಡ್ಡ ತಾರೆಯೊಬ್ಬರಿಗೆ ಇಂಥದ್ದು ಹೊಳೆಯುತ್ತದೆ ಎಂದು ನನಗೆ ನಂಬಿಕೆಯಿಲ್ಲ.

ಈ ಹೊತ್ತಿಗೆ ಅವರ ಸ್ಥಾನವೂ ಬದಲಾಗಿತ್ತು. ಅಟ್ಲಾಂಟಿಕ್ ಸಂಸ್ಥೆಗೆ ಅವರು ಬೇರೆಯವರ ತಟ್ಟೆಗಳನ್ನು ನಿರ್ಮಿಸತೊಡಗಿದ್ದರು. ಗಾಯಕ ಡಾನಿ ಹ್ಯಾಥವೇ ಅವರನ್ನು ಆ ಸಂಸ್ಥೆಗೆ ಕರೆತಂದವರೂ ಇವರೇ. ಗಿಟಾರ್ ವಾದಕ ಡುವೇನ್ ಆಲ್‌ಮನ್ ಜೊತೆ ಮುದ್ರಿಸಿದ ‘ಗೇಮ್ಸ್ ಪೀಪಲ್ ಪ್ಲೇ’ಗೆ 1970ರಲ್ಲಿ ಗ್ರ್ಯಾಮಿ ಬಂತು. ಅರೀಥಾ ಅವರ ಸಂಗೀತ ನಿರ್ದೇಶಕರಾಗಿ 1971ರ ಮಾರ್ಚ್ 5ರಿಂದ ಮೂರು ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದ ಫಿಲ್ಮೋರ್ ವೆಸ್ಟ್ ರಂಗಮಂದಿರದಲ್ಲಿ ತಂಡವನ್ನು ನಡೆಸಿದರು. ಕೇಳುಗರು ಉದ್ದ ಕೂದಲಿನ ಹಿಪ್ಪಿಗಳು, ರಾಕ್ ಸಂಗೀತಕ್ಕೆ ಒಗ್ಗಿಕೊಂಡವರು. ಅವರು ತಮ್ಮನ್ನು ಒಪ್ಪುತ್ತಾರೋ ಇಲ್ಲವೋ ಎಂಬ ಅಳುಕು ಅರೀಥಾ ಅವರಿಗಿತ್ತು. ವೇದಿಕೆಯ ಮೇಲಿದ್ದವರನ್ನು ನೋಡಿದರೆ ಅಳುಕಿಗೆ ಕಾರಣವೇ ಇರಲಿಲ್ಲ ಅನಿಸುತ್ತದೆ: ಫೋರ್ಟ್ ವರ್ತ್‌ನವರೇ ಆದ ಕಾರ್ನೆಲ್ ಡುಪ್ರೀ ಗಿಟಾರ್, ಜೆರ್ರಿ ಜೆಮಾಟ್ ಬಾಸ್, ಬರ್ನಾರ್ಡ್ ಪರ್ಡಿ ಡ್ರಮ್ಸ್, ಬಿಲ್ಲಿ ಪ್ರೆಸ್ಟನ್ ಆರ್ಗನ್, ಜೊತೆಗೆ ಮೆಂಫಿಸ್ ಹಾರ್ನ್ಸ್ ಎಂಬ ಊದುವಾದ್ಯದವರ ತಂಡ. ಕೊನೆಯ ರಾತ್ರಿ ರೇ ಚಾರ್ಲ್ಸ್ ಕೂಡ ವೇದಿಕೆಗೆ ಬಂದರು. ಅರೀಥಾ ಬರುವ ಮೊದಲು ಕರ್ಟಿಸ್ ತಮ್ಮದೇ ಭಾಗ ನುಡಿಸಿದರು. ಅದರ ಆಲ್ಬಮ್ಮಿನಲ್ಲಿ ಆ ಅಡುಗೆಯ ಹಾಡು ಇನ್ನೂ ಉದ್ದವಾಗಿ, ಇನ್ನೂ ಖಾರವಾಗಿ ಮರಳಿ ಬರುತ್ತದೆ. ‘ಎ ವೈಟರ್ ಶೇಡ್ ಆಫ್ ಪೇಲ್’ ರಾಗವನ್ನು ಅವರು ಅಲ್ಲಿ ನುಡಿಸಿದ ರೀತಿಯನ್ನು 1987ರ ಬ್ರಿಟಿಷ್ ಚಲನಚಿತ್ರವೊಂದು ತನ್ನ ಆರಂಭದ ದೃಶ್ಯಕ್ಕೆ ಬಳಸಿಕೊಂಡಿತು.

1971ರ ಜುಲೈನಲ್ಲಿ ಕರ್ಟಿಸ್ ಜಾನ್ ಲೆನನ್ ಅವರ ‘ಇಮ್ಯಾಜಿನ್’ ಆಲ್ಬಮ್ಮಿನ ಎರಡು ಹಾಡುಗಳಿಗೆ ನುಡಿಸಿದರು. ಆಗಸ್ಟ್ 13ರಂದು ಕೊಲೆಯಾದರು. ಮ್ಯಾನ್‌ಹಟನ್ನಿನ 86ನೇ ರಸ್ತೆಯಲ್ಲಿ ಅವರದೇ ಕಟ್ಟಡ, ಅದಕ್ಕೆ ಏರ್ ಕಂಡಿಷನರ್ ಹೊತ್ತು ತರುತ್ತಿದ್ದರು. ಮೆಟ್ಟಿಲ ಮೇಲೆ ಕೂತಿದ್ದವರೊಂದಿಗೆ ಮಾತಿಗೆ ಮಾತು ಬೆಳೆಯಿತು, ಒಬ್ಬ ಚಾಕುವಿನಿಂದ ಎದೆಗೆ ಇರಿದ. ಇದಕ್ಕಿಂತ ಹೆಚ್ಚಿನ ವಿವರ ಸಂಗೀತದ ಉಪನ್ಯಾಸಕ್ಕೆ ಬೇಡ. ಅಂತ್ಯಕ್ರಿಯೆಯ ದಿನ ಅಟ್ಲಾಂಟಿಕ್ ತನ್ನ ಕಚೇರಿಯನ್ನು ಮುಚ್ಚಿತು. ಕರಿಯರ ಹಕ್ಕುಗಳ ಹೋರಾಟಗಾರ ಪಾದ್ರಿ ಜೆಸ್ಸಿ ಜ್ಯಾಕ್ಸನ್ ಪ್ರಾರ್ಥನೆ ನಡೆಸಿದರು, ಅರೀಥಾ ಮತ್ತು ಸ್ಟೀವಿ ವಂಡರ್ ಹಾಡಿದರು, ಕರ್ಟಿಸ್ ತಂಡದವರು ‘ಸೋಲ್ ಸೆರನೇಡ್’ ನುಡಿಸಿದರು. ಆಗಸ್ಟ್ 26ರಂದು ನ್ಯೂಯಾರ್ಕ್ ರೇಡಿಯೊದಲ್ಲಿ ಪ್ರಸಾರವಾದ ಕಾರ್ಯಕ್ರಮದಲ್ಲಿ ಡುವೇನ್ ಆಲ್‌ಮನ್ ತಮ್ಮ ತಂಡದ ಹಾಡೊಂದರ ನಡುವೆ ಅದೇ ರಾಗವನ್ನು ಗೆಳೆಯನಿಗಾಗಿ ನುಡಿಸಿದರು. ಅಕ್ಟೋಬರ್ ಮುಗಿಯುವಷ್ಟರಲ್ಲಿ ಬೈಕ್ ಅಪಘಾತದಲ್ಲಿ ಅವರೂ ಹೋದರು.

ಅದೇ ಅಕ್ಟೋಬರಿನಲ್ಲಿ ‘ಸೋಲ್ ಟ್ರೇನ್’ ಎಂಬ ಟಿವಿ ಕಾರ್ಯಕ್ರಮ ಅಮೆರಿಕದಾದ್ಯಂತ ಪ್ರಸಾರವಾಗತೊಡಗಿತು. ಅದರ ಶೀರ್ಷಿಕೆ ಸಂಗೀತವಾಗಿ ಆರಿಸಿಕೊಂಡದ್ದು ಕರ್ಟಿಸ್ ಒಂಬತ್ತು ವರ್ಷ ಹಿಂದೆ ಬೇರೆ ಹೆಸರಿನ ತಂಡ ಕಟ್ಟಿಕೊಂಡು ಮುದ್ರಿಸಿದ್ದ ‘ಹಾಟ್ ಪೊಟೇಟೋಸ್’. ವಾರ ವಾರ ಲಕ್ಷಾಂತರ ಮನೆಗಳಲ್ಲಿ ಅದು ಕೇಳಿಸಿತು. ಸಂಗೀತಗಾರರನ್ನು ಆರಿಸಿ ಗೌರವಿಸುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಂಸ್ಥೆ 2000ದಲ್ಲಿ ಮೊದಲ ಬಾರಿಗೆ ಪಕ್ಕವಾದ್ಯದವರಿಗೆಂದೇ ಒಂದು ವಿಭಾಗ ತೆರೆದಾಗ ಆಯ್ಕೆಯಾದ ಐವರಲ್ಲಿ ಕರ್ಟಿಸ್ ಒಬ್ಬರು. ಈ ವಿಭಾಗ ಬೇರೆಯಾಗಿ ಏಕೆ ಬೇಕಿತ್ತು ಎಂಬ ಪ್ರಶ್ನೆ ನನಗಿದೆ. ಸ್ವಂತ ಹೆಸರಿನಲ್ಲಿ ಪಟ್ಟಿಯ ತುದಿಗೇರಿದವರನ್ನು, ತಂಡದ ನಾಯಕರನ್ನು, ನಿರ್ಮಾಪಕರನ್ನು ಪಕ್ಕದ ಬಾಗಿಲಿನಿಂದ ಒಳಗೆ ಬಿಟ್ಟಂತಾಯಿತು ಅದು.

ಉಪನ್ಯಾಸದ ಕೊನೆಯಲ್ಲಿ ಕೆಲವು ಪ್ರಶ್ನೆಗಳು ಬಂದವು. ಹಿರಿಯರೊಬ್ಬರು, ‘ಹಾಗಾದರೆ ಇವರನ್ನು ಜಾಝ್ ವಾದಕ ಎನ್ನಬೇಕೋ ಬೇಡವೋ?’ ಎಂದು ಕೇಳಿದರು. ವಿಂಟನ್ ಕೆಲಿ ಅವರಿಗೆ ಆ ಅನುಮಾನ ಇದ್ದಂತೆ ತಟ್ಟೆಯಲ್ಲಿ ಕೇಳಿಸುವುದಿಲ್ಲ ಎಂದೆ. ಎಲ್ಲಿಂದ ಕೇಳಲು ಶುರು ಮಾಡಬೇಕು ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದರು. ನನ್ನ ಸಲಹೆ ಇದು: ಸ್ಯಾಮ್ ಕುಕ್ ಅವರ ಮಯಾಮಿ ರಾತ್ರಿಯಿಂದ ಆರಂಭಿಸಿ, ಗಾಯಕರ ಕಡೆ ಗಮನ ಕೊಡದೆ ಅವರು ಉಸಿರೆಳೆದುಕೊಳ್ಳುವ ಜಾಗಗಳನ್ನು ಕೇಳಿ. ಆಮೇಲೆ ಫಿಲ್ಮೋರ್ ವೆಸ್ಟ್. 1960ರ ಜಾಝ್ ತಟ್ಟೆಗಳನ್ನು ಕೊನೆಗಿಟ್ಟುಕೊಳ್ಳಿ. ಕಡಿಮೆ ಬೆಲೆಯ ಸಂಕಲನಗಳು ಬೇಡ, ಅವುಗಳಲ್ಲಿ ಕ್ಯಾಪಿಟಲ್ ಕಾಲದ ತೆಳು ಸರಕೇ ಹೆಚ್ಚು.